ಮಡಚಬೇಡಿ

ಒಗೆದ ಬನಿಯನ್‌ಗಳನ್ನು ಕೊಡವಿ ಕೊಡವಿ ಬಾಲ್ಕನಿಯ ತಂತಿಗೆ ಹಾಕುತ್ತಿದ್ದೆ. ಬಾಯಲ್ಲಿ ಎರಡು ಕ್ಲಿಪ್ಪು, ಹೆಗಲ ಮೇಲೆ ಒದ್ದೆ ಟವೆಲು. ಮೂರನೆಯ ಬನಿಯನ್ ಕೈಯಲ್ಲಿರುವಾಗ ಕಿಟಕಿಯ ಅಂಚಿನಲ್ಲಿಟ್ಟಿದ್ದ ಫೋನು ಸದ್ದು ಮಾಡಿತು. ಸೊಂಟಕ್ಕೆ ಕೈ ಒರೆಸಿಕೊಂಡು ನೋಡಿದೆ.

"ನಿಮ್ಮ ಪೋಸ್ಟಿನಿಂದ ಫೈಲನ್ನು ತೆಗೆದುಹಾಕಲಾಗಿದೆ. ಕಾರಣ: ಎಡ ಬಲ ಸಮ ಇಲ್ಲ. ಸರಿಪಡಿಸಿ ಮತ್ತೆ ಹಾಕಿ. ಇಂತಿ, ಇಂಚುಪಟ್ಟಿ."

ಬಾಯಲ್ಲಿದ್ದ ಕ್ಲಿಪ್ಪನ್ನು ಕಚ್ಚಿಬಿಟ್ಟೆ. ಅದು ಟಕ್ಕಂತ ಮುರಿಯಿತು.

"ಏನೇ ಅದು, ತಿಂಡಿಗೆ ಮುಂಚೆನೇ ಪ್ಲಾಸ್ಟಿಕ್ ತಿಂತಿದೀಯ?" ಒಳಗಿಂದ ಅತ್ತೆ ಕೂಗಿದರು. ಅವರ ಕಿವಿ ಅಷ್ಟು ಚುರುಕು.

ದರ್ಜಿಕಟ್ಟೆ ಅನ್ನುವುದು ಮನೆಯಲ್ಲೇ ಕೂತು ಹೊಲಿಯುವ ನಮ್ಮಂಥವರು ಇಂಟರ್ನೆಟ್ಟಿನಲ್ಲಿ ಮಾತಾಡಿಕೊಳ್ಳುವ ಜಾಗ. ಕಾಲರು ನಿಲ್ಲುತ್ತಿಲ್ಲ ಏನು ಮಾಡಲಿ ಅಂತ ಒಬ್ಬರು ಬರೆದರೆ ಹತ್ತು ಜನ ಹನ್ನೊಂದು ಉತ್ತರ ಕೊಡುತ್ತಾರೆ. ಆದರೆ ಅಲ್ಲಿ ಮಾತಿಗಿಂತ ಫೈಲಿಗೆ ಬೆಲೆ ಹೆಚ್ಚು. ಪೇಪರ್ ಕಟಿಂಗನ್ನು, ಅಂದರೆ ಅಳತೆಗೆ ಬರೆದ ಕಾಗದದ ನಮೂನೆಯನ್ನು, ಸ್ಕ್ಯಾನ್ ಮಾಡಿ, ಬರೆದದ್ದರ ಕೆಳಗಿರುವ ಕ್ಲಿಪ್ಪಿನ ಗುರುತು ಒತ್ತಿ ಸೇರಿಸಿದರೆ ಸಾಕು. ಬೇಕಾದವರು ಅದನ್ನು ಇಳಿಸಿಕೊಂಡು, ಪ್ರಿಂಟ್ ತೆಗೆದು, ಬಟ್ಟೆಯ ಮೇಲಿಟ್ಟು ಕತ್ತರಿಸಬಹುದು. ಎಷ್ಟು ಜನ ಇಳಿಸಿಕೊಂಡರು ಅಂತ ಫೈಲಿನ ಪಕ್ಕದಲ್ಲೇ ಒಂದು ಸಂಖ್ಯೆ ಬರುತ್ತದೆ. ನಾನು ಎಂಟು ವರ್ಷದಿಂದ ಅಲ್ಲಿದ್ದೇನೆ. ನಾನು ಹಾಕಿದ ಮಕ್ಕಳ ಚಡ್ಡಿಯ ಜೇಬಿನ ಕಟಿಂಗನ್ನು ಮುನ್ನೂರು ಚಿಲ್ಲರೆ ಜನ ಇಳಿಸಿಕೊಂಡಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡ ಹೆಮ್ಮೆ ಅದು.

ಇಂಚುಪಟ್ಟಿ ಅಂದರೆ ಆ ಕಟ್ಟೆಯ ಯಜಮಾನರು. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷ ಅಂಗಡಿ ನಡೆಸಿದ ದರ್ಜಿಯಂತೆ. ಯಾರು ಯಾವ ಕಟಿಂಗ್ ಹಾಕಿದರೂ ಅವರು ಪ್ರಿಂಟ್ ತೆಗೆಯುತ್ತಾರೆ, ಕತ್ತರಿಸುತ್ತಾರೆ, ಸರಿಯಾಗಿ ನಡುವಿಗೆ ಮಡಚುತ್ತಾರೆ. ಎರಡು ಅಂಚೂ ಕೂಡಿದರೆ ಫೈಲು ಉಳಿಯಿತು, ಕೂಡದಿದ್ದರೆ ಹೋಯಿತು. ಈ ಮಡಿಕೆ ಪರೀಕ್ಷೆಯನ್ನು ನಾವೆಲ್ಲ ಹೊಗಳಿದವರೇ. ಕಲಿಯುವವರ ಎಷ್ಟೋ ಒಳ್ಳೆಯ ಬಟ್ಟೆಯನ್ನು ಅದು ಉಳಿಸಿದೆ.

ಆದರೆ ನನ್ನ ಮಗಳನ್ನು ನಡುವಿಗೆ ಮಡಚಿದರೆ ಅಂಚು ಕೂಡುವುದಿಲ್ಲ.

ಅವಳಿಗೆ ಹತ್ತು ವರ್ಷ. ಮನೆಯಲ್ಲಿ ರೇಡಿಯೋ ಅಂತ ಕರೆಯುತ್ತೇವೆ. ಅಜ್ಜಿ ಇಟ್ಟ ಹೆಸರು. ಕಣ್ಣು ಬಿಟ್ಟಾಗ ಶುರುವಾದ ಮಾತು ಕಣ್ಣು ಮುಚ್ಚುವವರೆಗೆ ನಿಲ್ಲುತ್ತಿರಲಿಲ್ಲ. ಕಳೆದ ವರ್ಷ ಅವಳ ಬೆನ್ನುಮೂಳೆ ಬಲಕ್ಕೆ ಬಾಗುತ್ತಿದೆ ಅಂತ ಗೊತ್ತಾಯಿತು. ಬೆಳೆಯುವ ವಯಸ್ಸು ಮುಗಿಯುವ ತನಕ ದಿನಕ್ಕೆ ಇಪ್ಪತ್ತು ಗಂಟೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹಾಕಬೇಕು ಅಂದರು ಡಾಕ್ಟರು. ಕಂಕುಳಿಂದ ಸೊಂಟದ ಕೆಳಗಿನವರೆಗೆ ಬರುತ್ತದೆ, ಹಿಂದೆ ಮೂರು ಪಟ್ಟಿ. ಅತ್ತೆ ಅದನ್ನು ಚಿಪ್ಪು ಅಂದರು. ನಮ್ಮ ಬಾಯಿಗೂ ಅದೇ ಬಂತು.

ಚಿಪ್ಪು ಬಂದ ದಿನದಿಂದ ರೇಡಿಯೋದ ದನಿ ಸಣ್ಣಗಾಯಿತು. ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ. ಏನೋ ಕೇಳಬೇಕು ಅಂತ ಬಾಯಿ ತೆರೆಯುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮುಚ್ಚಿಬಿಡುತ್ತಾಳೆ. ನೋವಾ ಅಂತ ಕೇಳಿದರೆ ಅಲ್ಲ. ಎಷ್ಟು ದಿನ ಹಾಕಬೇಕು ಅಂತಲಾ? ಅಲ್ಲ. ಮತ್ತೇನು ಮರಿ? ಏನೂ ಇಲ್ಲ. ಆಸ್ಪತ್ರೆಯ ಬೆಂಚಿನಲ್ಲಿ, ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ ಬೇರೆ ಮಕ್ಕಳ ಬೆನ್ನನ್ನೇ ನೋಡುತ್ತಾ ನಿಲ್ಲುತ್ತಾಳೆ. ನೆಟ್ಟಗಿನ ಬೆನ್ನಿಗೆ ಆಸೆಪಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಚಿಪ್ಪಿನ ಒಳಗೆ ಬನಿಯನ್ ಬೇಕೇ ಬೇಕು. ಅಂಗಡಿಯ ಬನಿಯನ್ ಎಡ ಸೊಂಟದ ಹತ್ತಿರ ಮುದುರಿ ಗಂಟಾಗುತ್ತಿತ್ತು. ಬಲ ಪಕ್ಕೆಯ ಮೇಲೆ ಹೊಲಿಗೆ ಒತ್ತುತ್ತಿತ್ತು. ಸಂಜೆ ಬಿಚ್ಚಿದರೆ ಮೈಮೇಲೆ ಕೆಂಪು ಬರೆ. ಎರಡು ಸಲ ಚರ್ಮ ಸುಲಿದು ದಿನಗಟ್ಟಲೆ ಚಿಪ್ಪನ್ನೇ ತೆಗೆದಿಡಬೇಕಾಯಿತು. "ಹೀಗೆ ಬಿಟ್ಟು ಬಿಟ್ಟು ಹಾಕಿದ್ರೆ ಹಾಕಿದ್ದೂ ದಂಡ" ಅಂದರು ಡಾಕ್ಟರು.

ನಾನು ಹೊಲಿಗೆ ಕಲಿಯಲು ಹೋದ ಮೊದಲ ದಿನ ಟೀಚರ್ ಹೇಳಿದ್ದರು, "ಅರ್ಧ ಮೈ ಅಳೆದ್ರೆ ಸಾಕು, ಉಳಿದರ್ಧ ಬಟ್ಟೆಯ ಮಡಿಕೆ ನೋಡ್ಕೊಳ್ಳುತ್ತೆ" ಅಂತ. ಆ ಮಾತನ್ನು ಪಕ್ಕಕ್ಕಿಟ್ಟು ಮಗಳ ಎಡಗಡೆಯನ್ನು ಒಂದು ಮೈ, ಬಲಗಡೆಯನ್ನು ಇನ್ನೊಂದು ಮೈ ಅಂದುಕೊಂಡು ಅಳೆದೆ. ಎಡ ಭುಜ ಇಳಿಸಿದೆ. ಎಡ ಸೊಂಟದಲ್ಲಿ ಒಂದೂಕಾಲು ಇಂಚು ಒಳಕ್ಕೆ ತೆಗೆದೆ. ಬಲ ಪಕ್ಕೆಯ ಹೊಲಿಗೆಯನ್ನು ಎರಡು ಇಂಚು ಮುಂದಕ್ಕೆ ತಂದೆ, ಚಿಪ್ಪು ಒತ್ತುವ ಕಡೆ ಬರೀ ಬಟ್ಟೆ ಇರಲಿ ಅಂತ. ಬೆನ್ನಿಗೆ ಒಂದೇ ತುಂಡು, ನಡುವೆ ಹೊಲಿಗೆ ಇಲ್ಲ. ಹಳೆಯ ನ್ಯೂಸ್ ಪೇಪರಿನಲ್ಲಿ ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಕೂತಿತು. ಅದನ್ನು ಹಾಕಿ ಕಳಿಸಿದ ದಿನ ಸಂಜೆ ಬಿಚ್ಚಿ ನೋಡಿದರೆ ಬೆನ್ನ ಮೇಲೆ ಒಂದು ಗೆರೆಯೂ ಇರಲಿಲ್ಲ. ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತು ಬಂದೆ.

ಅದನ್ನೇ ಕಟ್ಟೆಗೆ ಹಾಕಿದ್ದು. ಮೊದಲು ಹಾಕುವಾಗ ದರ್ಜಿಗಳು ಮಾತ್ರ ಮಾಡುವಂಥ ತಪ್ಪೊಂದನ್ನು ಮಾಡಿದೆ. ಹದಿನೈದು ವರ್ಷದ ಕೈ ರೂಢಿ. ಸ್ಕ್ಯಾನ್ ಮಾಡುವ ಮುಂಚೆ ಕಾಗದವನ್ನು ನನಗೇ ಗೊತ್ತಿಲ್ಲದೆ ನಡುವಿಗೆ ಮಡಚಿಬಿಟ್ಟಿದ್ದೆ. ಫೈಲಿನಲ್ಲಿ ಬಂದದ್ದು ಎಡಗಡೆ ಮಾತ್ರ. ಹೊಸದಾಗಿ ಕಲಿಯುವವಳೊಬ್ಬಳು ಅದನ್ನಿಟ್ಟು ಹೊಲಿದು, ಎರಡೂ ಕಡೆ ಎಡವೇ ಇರುವ ಬನಿಯನ್ನಿನ ಫೋಟೊ ಹಾಕಿ ಕೇಳಿದಳು, "ಅಕ್ಕಾ, ಇದನ್ನ ಯಾರಿಗೆ ಹಾಕೋದು?" ಕಟ್ಟೆಗೆ ಕಟ್ಟೆಯೇ ನಕ್ಕಿತು, ನಾನೂ ನಕ್ಕೆ. ಆಮೇಲೆ ಪೂರ್ತಿ ಬಿಡಿಸಿ, ನಾಲ್ಕು ಹಾಳೆ ಮಾಡಿ, ಹಿಂದಿನ ದಿನ ಸಂಜೆ ಮತ್ತೆ ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಈ ಉತ್ತರ. ಸರಿಪಡಿಸಿ.

ಮಗಳಿಗೆ ಚಿಪ್ಪು ಕಟ್ಟುವ ಹೊತ್ತಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬನಿಯನ್ ಎಳೆದು, ಸುಕ್ಕು ಸವರಿ, ಪಟ್ಟಿ ಬಿಗಿದೆ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ಬಿಗಿದಿರಬೇಕು.

"ಅಮ್ಮಾ, ಉಸಿರು."

"ಅಯ್ಯೋ ನನ್ನ ಕಂದ." ಬೇಗ ಸಡಿಲ ಮಾಡಿದೆ.

"ಯಾರೇ ಅದು ಬೆಳಗ್ಗೆ ಬೆಳಗ್ಗೆ ನಿನ್ನ ಕೆರಳಿಸಿದೋರು?" ಅತ್ತೆ ಬಂದು ನಿಂತರು.

"ಕಟ್ಟೆ ಯಜಮಾನರು, ಅತ್ತೆ. ಎಡ ಬಲ ಸಮ ಇಲ್ವಂತೆ. ಸರಿಪಡಿಸ್ಬೇಕಂತೆ."

"ಯಾರನ್ನ? ನಮ್ಮ ರೇಡಿಯೋನಾ?" ಅತ್ತೆ ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. "ನನ್ನ ಬಸ್ಸಲ್ಲಿ ಹಾಗಂದಿದ್ರೆ ಸೀಟಿ ಊದಿ ನಡುರಸ್ತೇಲಿ ಇಳಿಸ್ತಿದ್ದೆ, ಇಳಿಸಿ ಚಿಲ್ಲರೇನೂ ಕೊಡ್ತಿರ್ಲಿಲ್ಲ."

ಮಗಳು ಬಾಯಿ ತೆರೆದಳು. ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಚ್ಚಿಕೊಂಡು ಚೀಲ ತಗೊಂಡು ಹೊರಟಳು.

ಹಾಲು ಒಲೆಯ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಉತ್ತರ ಬರೆದೆ. "ಯಜಮಾನರೇ, ಇದು ಬೆನ್ನು ಬಾಗಿದ ಮಗು ಕವಚದ ಒಳಗೆ ಹಾಕಿಕೊಳ್ಳುವ ಬನಿಯನ್. ಎಡ ಬಲ ಸಮ ಇಲ್ಲದ್ದು ತಪ್ಪಲ್ಲ, ಅದೇ ಅಳತೆ." ಕೆಳಗೆ ಅದೇ ಫೈಲನ್ನು ಮತ್ತೆ ಸೇರಿಸಿದೆ. ಒಂದು ಗೆರೆಯನ್ನೂ ಬದಲಿಸಲಿಲ್ಲ, ಹೆಸರು ಮಾತ್ರ ಬದಲಿಸಿದೆ: ಸರಿಯಾಗೇ ಇದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ಹರಿದಿತ್ತು. ಒರೆಸುತ್ತಾ ನನಗೆ ಯಾಕೋ ಹಗುರ ಅನ್ನಿಸಿತು.

ಆ ಫೈಲು ಉಳಿದದ್ದು ನಾಲ್ಕು ಗಂಟೆ ಹೊತ್ತು. ಮಧ್ಯಾಹ್ನ ಅವರ ಉತ್ತರ ಬಂತು. "ತಾಯೀ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಿಯಮ ಎಲ್ಲರಿಗೂ ಒಂದೇ. ಹೊಸಬರು ಇದನ್ನು ಇಳಿಸಿಕೊಂಡು ಬಟ್ಟೆ ಕೆಡಿಸಿಕೊಂಡರೆ ಹೆಸರು ಹಾಳಾಗುವುದು ಕಟ್ಟೆಯದು. ಇನ್ನೊಂದು ಸಲ ಹಾಕಿದರೆ ನಿಮ್ಮ ಖಾತೆ ಮುಚ್ಚಬೇಕಾಗುತ್ತದೆ."

ಖಾತೆ ಮುಚ್ಚಿದರೆ ಎಂಟು ವರ್ಷದ ನನ್ನ ಬರಹ, ನನ್ನ ಕಟಿಂಗ್‌ಗಳು, ಎಲ್ಲ ಹೋದಂತೆ. ಅದನ್ನು ಓದಿ ಬಾಬಿನ್ ಅಕ್ಕನಿಗೆ ಮರುಕ ಬಂತು. ಆಕೆ ಕಟ್ಟೆಯ ಹಳೆಯ ಹುಲಿ. ಮಷೀನಿನ ದಾರದ ಉರುಳೆ ಬಾಬಿನ್ ಹೆಸರನ್ನೇ ಇಟ್ಟುಕೊಂಡಿದ್ದಾಳೆ. "ಬೆನ್ನಿನ ತುಂಡನ್ನ ನಡುವೆ ಕತ್ತರಿಸಿ ಎಡದ್ದೊಂದು ಫೈಲು, ಬಲದ್ದೊಂದು ಫೈಲು ಮಾಡಿ ಹಾಕಿಬಿಡಮ್ಮ. ಎರಡು ತುಂಡಾದ್ಮೇಲೆ ಮಡಚೋಕೆ ಏನಿರುತ್ತೆ? ಹಾವೂ ಸಾಯಬೇಕು, ಕೋಲೂ ಮುರೀಬಾರ್ದು" ಅಂತ ಬರೆದಳು.

ಸುಳ್ಳು ಯಾಕೆ, ಸ್ಕೇಲು ಪೆನ್ಸಿಲ್ಲು ತಗೊಂಡು ಕೂತೆ. ನಡುವೆ ಒಂದು ಗೆರೆಯನ್ನೂ ಎಳೆದೆ. ಎಳೆದ ಮೇಲೆ ನೋಡಿದರೆ ಅದು ಸರಿಯಾಗಿ ನಡುಬೆನ್ನು. ಎರಡು ತುಂಡು ಅಂದರೆ ಅಲ್ಲೊಂದು ಹೊಲಿಗೆ. ಹೊಲಿಗೆ ಅಂದರೆ ಮೂಳೆಯ ಮೇಲೆ ಇಪ್ಪತ್ತು ಗಂಟೆ ಕೂರುವ ದಾರದ ಗಂಟು. ಯಜಮಾನರ ಮಡಿಕೆಗೆ ನನ್ನ ಮಗಳ ಚರ್ಮ ಕೊಡಬೇಕಾ? ರಬ್ಬರ್ ತಗೊಂಡು ಆ ಗೆರೆಯನ್ನು ಕಾಗದ ಸವೆಯುವ ಹಾಗೆ ಉಜ್ಜಿದೆ.

ಸಂಜೆ ಮಷೀನಿನ ಮುಂದೆ ಕೂತಿದ್ದಾಗ ಗೊತ್ತಿಲ್ಲದ ಹೆಂಗಸೊಬ್ಬಳಿಂದ ಸಂದೇಶ ಬಂತು. "ನಿಮ್ಮ ಫೈಲು ಬೆಳಗ್ಗೆ ಇತ್ತಂತೆ. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಇಲ್ಲ. ನನ್ನ ಮಗನ ಬೆನ್ನು ಎಡಕ್ಕೆ ಬಾಗಿದೆ. ನಿಮ್ಮ ಕಟಿಂಗನ್ನು ಮಗುಚಿ ಇಟ್ಟರೆ ಅವನಿಗೆ ಆಗುತ್ತಾ?"

ಆಗುತ್ತದೆ. ಕಾಗದವನ್ನು ಮಗುಚಿದರೆ ಬಲ ಎಡವಾಗುತ್ತದೆ, ಅಷ್ಟೇ. ಆಗಲೇ ಕಳಿಸಿಕೊಟ್ಟೆ. ಮಗಳಿಗೆ ಹೇಳಬೇಕು ಅಂತ ಅನ್ನಿಸಲೇ ಇಲ್ಲ. ಅವಳು ಪಕ್ಕದಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು.

ನಮ್ಮ ಯಜಮಾನರು, ಅಂದರೆ ಮನೆಯವರು, ಲಿಫ್ಟ್ ರಿಪೇರಿ ಕೆಲಸದಿಂದ ಬಂದು ಕೈ ತೊಳೆಯುತ್ತಾ ಎಲ್ಲ ಕೇಳಿ ಹೇಳಿದರು, "ಹೋಗ್ಲಿ ಬಿಡೆ. ಕೇಳಿದೋರಿಗೆ ಹೀಗೇ ಒಬ್ಬೊಬ್ಬರಿಗೆ ಕಳಿಸು. ಯಾಕೆ ಸುಮ್ನೆ ಜಗಳ?"

"ಕೇಳೋಕೇ ಗೊತ್ತಿಲ್ದೋರಿಗೆ? ಫೈಲು ಅಲ್ಲಿದ್ರೆ ತಾನೇ ಇದೆ ಅಂತ ಗೊತ್ತಾಗೋದು?"

"ಖಾತೆ ಹೋಗುತ್ತೆ ಕಣೇ."

"ಹೋಗ್ಲಿ. ಎಂಟು ವರ್ಷ ಜೇಬು ಹೊಲಿಯೋದು ಕಲಿಸಿದ್ದು ಸಾಕು."

ಬಾಯಲ್ಲಿ ಹಾಗಂದೆ. ಮಲಗುವ ಮುಂಚೆ ಮಾತ್ರ ಜೇಬಿನ ಕಟಿಂಗಿನ ಪಕ್ಕದ ಸಂಖ್ಯೆಯನ್ನು ಇನ್ನೊಂದು ಸಲ ನೋಡಿದೆ.

ಮರುದಿನ ಬೆಳಗ್ಗೆ ಅತ್ತೆ ತಮ್ಮ ಹೊಸ ರವಿಕೆ ಹಿಡಿದು ಬಂದರು. "ನೋಡೇ, ಇದೂ ಎಡಗಡೆ ಜಾರುತ್ತೆ. ಊರಿನವರ ರವಿಕೆ ಎಲ್ಲ ಚೆನ್ನಾಗಿ ಹೊಲೀತೀಯ, ಅತ್ತೆ ರವಿಕೆ ಮಾತ್ರ ಅಷ್ಟಕ್ಕಷ್ಟೇ."

ಟೇಪು ಕೊರಳಲ್ಲೇ ಇತ್ತು. ಅವರನ್ನು ಗೋಡೆಗೆ ನಿಲ್ಲಿಸಿ, ಎರಡು ಭುಜದ ತುದಿಗೂ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿ ಅಳೆದೆ. ಎಡ ಭುಜ ಮುಕ್ಕಾಲು ಇಂಚು ಕೆಳಗಿತ್ತು.

ಅತ್ತೆ ತಿರುಗಿ ಆ ಎರಡು ಗುರುತನ್ನೂ ಬೆರಳಿಂದ ಮುಟ್ಟಿ ನೋಡಿದರು.

"ಟಿಕೆಟ್ ಚೀಲ" ಅಂದರು ಅತ್ತೆ. "ಇಪ್ಪತ್ತಾರು ವರ್ಷ ಇದೇ ಹೆಗಲಿಗೆ. ನಿನ್ನ ಹೊಲಿಗೇನ ಬೈಕೊಂಡಿದ್ನಲ್ಲೇ ಇಷ್ಟು ದಿನ!"

"ನಾನೂ ನಿಮ್ಮನ್ನ ಮಡಚೇ ಕತ್ತರಿಸಿದ್ದು ಅತ್ತೆ, ತಪ್ಪು ನಂದೇ."

"ಹಾಗಾದ್ರೆ ಅವರಿಗೂ ಅಳೆಸ್ಕೊಳ್ಳಿ ಅನ್ನು. ಆ ಇಂಚುಪಟ್ಟಿಗೆ. ಮೈ ತಾನೇ ಅವರ್ದೂ? ಕಂಬ ಅಲ್ವಲ್ಲ."

ತರಕಾರಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಕೂತು ಬರೆದೆ. "ಯಜಮಾನರೇ, ಕಟ್ಟೆಯವರೇ, ನಾವು ಮಡಚಿ ನೋಡುವುದು ಕಾಗದವನ್ನು, ಮೈಯನ್ನಲ್ಲ. ಎಲ್ಲರೂ ಗೋಡೆಗೆ ನಿಂತು ನಿಮ್ಮ ಎರಡೂ ಭುಜ ಅಳೆಸಿಕೊಳ್ಳಿ. ಬಂದದ್ದನ್ನು ಇಲ್ಲಿ ಬರೆಯಿರಿ. ಎಡ ಬಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದವರು ಒಬ್ಬರು ಸಿಕ್ಕರೂ ಸಾಕು, ಫೈಲನ್ನು ನಾನೇ ತೆಗೆಯುತ್ತೇನೆ, ಖಾತೆಯನ್ನೂ ನಾನೇ ಮುಚ್ಚುತ್ತೇನೆ. ಅಲ್ಲಿಯವರೆಗೆ ಇದು ಇಲ್ಲೇ ಇರಬೇಕು." ಕ್ಲಿಪ್ಪಿನ ಗುರುತು ಒತ್ತಿ, ಪೂರ್ತಿ ಕಟಿಂಗಿನ ಫೈಲನ್ನು ಮೂರನೆಯ ಸಲ ಸೇರಿಸಿದೆ.

ಖಾತೆ ಮುಚ್ಚಲಿಲ್ಲ. ಫೈಲೂ ಹೋಗಲಿಲ್ಲ. ಯಜಮಾನರ ಸುದ್ದಿಯೇ ಇಲ್ಲ. ಅಳತೆಗಳು ಬರತೊಡಗಿದವು. ಬಾಬಿನ್ ಅಕ್ಕ ಭುಜ ಬಿಟ್ಟು ಸೊಂಟ ಅಳೆದುಕೊಂಡಿದ್ದಳು: "ಎಡಗಡೆ ಅರ್ಧ ಇಂಚು ಎತ್ತರ. ಮೂರು ಮಕ್ಕಳನ್ನ ಅದರ ಮೇಲೇ ಕೂರಿಸ್ಕೊಂಡು ಸಾಕಿದ್ದು, ಪಾಪ ಅದೇನು ಮಾಡುತ್ತೆ." ಅಂಚೆ ಹಂಚುವ ಗಂಡನ ಅಳತೆಯನ್ನು ಒಬ್ಬಳು, ಗೋಡೆಗೆ ಬಣ್ಣ ಹೊಡೆಯುವ ಅಣ್ಣನದ್ದನ್ನು ಇನ್ನೊಬ್ಬಳು ಬರೆದರು. ಒಬ್ಬಳು ಬರೆದದ್ದನ್ನು ಅತ್ತೆಗೆ ಓದಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು: "ನನ್ನ ಗಂಡನ್ನ ಅಳೆದೆ, ಎರಡೂ ಸಮ ಬಂತು. ಅನುಮಾನ ಬಂದು ಮತ್ತೆ ಅಳೆದರೆ ಪುಣ್ಯಾತ್ಮ ಕನ್ನಡಿ ನೋಡ್ಕೊಂಡು ಒಂದು ಭುಜ ಎತ್ತಿ ಹಿಡ್ಕೊಂಡಿದ್ದ."

ಎರಡು ದಿನ ಕಳೆದು ಇಂಚುಪಟ್ಟಿ ಬರೆದರು. "ಬಲ ಭುಜ ಅರ್ಧ ಇಂಚು ಕೆಳಗೆ. ಕತ್ತರಿ ಹಿಡಿಯುವ ಕಡೆ. ನನ್ನ ಹೆಂಡತಿ ಎರಡು ಸಲ ಅಳೆದಳು. ನಲವತ್ತು ವರ್ಷ ನನ್ನ ಅಂಗಿಯನ್ನೂ ಮಡಚಿಯೇ ಕತ್ತರಿಸಿದ್ದೇನೆ. ಫೈಲು ಇರಲಿ. ಆದರೆ ಹಾಳೆಯ ಮೇಲೆ ದೋಷವಿರುವ ಮೈಗೆ ಎಂದು ಬರೆದು ಹಾಕಿ. ಹೊಸಬರಿಗೆ ತಿಳಿಯಲಿ."

ಮನೆಯವರಿಗೆ ಸಮಾಧಾನವಾಯಿತು. "ಗೆದ್ದೆಯಲ್ಲ ಬಿಡು. ಅಷ್ಟು ಬರೆದುಬಿಡು, ಮುಗೀತು."

"ಬರೆಯಲ್ಲ."

"ಮತ್ತೆ ಏನೇ?"

"ನೀವು ಓದಿ ಹೇಳಿ ಅವಳ ಮುಂದೆ, ದೋಷವಿರುವ ಮೈ ಅಂತ. ಆಮೇಲೆ ಬರೀತೀನಿ."

ಅವರು ಮಗಳ ಕಡೆ ನೋಡಿದರು. ಎದ್ದು ಹೋಗಿ, ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೆಂಪು ಪೆನ್ಸಿಲ್ ತಂದು ನನ್ನ ಕೈಗಿಟ್ಟರು.

ಹೊಸಬರಿಗೆ ತಿಳಿಯಬೇಕಾದದ್ದು ಒಂದೇ ಮಾತು. ನಾಲ್ಕೂ ಹಾಳೆಯ ತಲೆಯ ಮೇಲೆ ಅದನ್ನು ದೊಡ್ಡದಾಗಿ ಬರೆದೆ: ಮಡಚಬೇಡಿ. ಮತ್ತೆ ಸ್ಕ್ಯಾನ್ ಮಾಡಿ, ಹಳೆಯದನ್ನು ತೆಗೆದು ಇದನ್ನು ಸೇರಿಸಿದೆ. "ದೋಷ ಅಂತ ಬರೆಯುವುದಿಲ್ಲ. ಇದು ಸಾಕು. ಮುಚ್ಚುವುದಿದ್ದರೆ ಮುಚ್ಚಿ" ಅಂತ ಕೆಳಗೆ ಒಂದು ಸಾಲು. ಅದಕ್ಕೆ ಯಜಮಾನರು ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಫೈಲು ಮಾತ್ರ ಇದೆ.

ಆಮೇಲೊಂದು ರಜೆಯ ದಿನ. ಬೆಳಗ್ಗೆ ಬನಿಯನ್‌ಗಳನ್ನು ತಂತಿಗೆ ಹಾಕುತ್ತಿದ್ದೆ. ಮಗಳು ಚಿಪ್ಪು ಬಿಚ್ಚಿದ ಹೊತ್ತಿನಲ್ಲಿ ಬಾಲ್ಕನಿಯ ಹೊಸ್ತಿಲ ಮೇಲೆ ಕೂತು ನನ್ನ ಫೋನು ಒತ್ತುತ್ತಿದ್ದಳು. ಅತ್ತೆ ಕುರ್ಚಿಯಲ್ಲಿದ್ದರು.

"ಎಷ್ಟಾಯ್ತೇ ರೇಡಿಯೋ, ಟಿಕೆಟ್ಟು?" ಫೈಲಿನ ಪಕ್ಕದ ಸಂಖ್ಯೆಗೆ ಅತ್ತೆ ಇಟ್ಟ ಹೆಸರು ಅದು.

"ಇಪ್ಪತ್ತೇಳು."

"ಸೀಟು ತುಂಬ್ತಾ ಬಂತು."

ಅವರಲ್ಲಿ ಕೆಲವರು ಸುಮ್ಮನೆ ಕುತೂಹಲಕ್ಕೆ ಇಳಿಸಿಕೊಂಡ ದರ್ಜಿಗಳು ಅನ್ನುವುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಮಗಳು ಕೆಳಗೆ ಕೆಳಗೆ ಸರಿಸುತ್ತಾ ಹೋದಳು. ಒಂದು ಕಡೆ ಅವಳ ಬೆರಳು ನಿಂತಿತು. ಆ ಹೆಂಗಸು, ಮಗನ ಬೆನ್ನು ಎಡಕ್ಕೆ ಬಾಗಿದೆ ಅಂದವಳು, ಕಟ್ಟೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಂದು ಫೋಟೊ ಸೇರಿಸಿದ್ದಳು. ಎಲ್ಲೋ ಯಾವುದೋ ಮನೆಯ ಕಿಟಕಿ, ಒಂದು ತಂತಿ, ತಂತಿಯ ಮೇಲೆ ಮೂರು ಬನಿಯನ್. ಬಲ ಭುಜ ಇಳಿದದ್ದು, ಬಲ ಸೊಂಟ ಒಳಕ್ಕೆ ಹೋದದ್ದು. ಕೆಳಗೆ ಬರೆದಿದ್ದಳು: "ಮಡಚಲಿಲ್ಲ, ಮಗುಚಿದೆ. ನನ್ನ ಮಗ ಇಂದು ಕವಚ ಬೇಡ ಅನ್ನಲಿಲ್ಲ." ಅದರ ಕೆಳಗೆ ಇನ್ನೊಬ್ಬರ ಫೋಟೊ. ಅದರ ಕೆಳಗೆ ಮತ್ತೊಬ್ಬರದು.

ಮಗಳು ಎದ್ದು ಬಂದು ಫೋನನ್ನು ನಮ್ಮ ತಂತಿಯ ಪಕ್ಕ ಎತ್ತಿ ಹಿಡಿದಳು. ಫೋನಿನ ಬನಿಯನ್‌ಗಳು ಅತ್ತ ವಾಲಿದ್ದವು, ನಮ್ಮವು ಇತ್ತ. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಬಾಯಿ ತೆರೆದಳು. ನಾನು ಕ್ಲಿಪ್ಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದೆ. ಈ ಸಲ ಅವಳು ನನ್ನ ಮುಖ ನೋಡಲಿಲ್ಲ.

"ಅಮ್ಮಾ, ಇಷ್ಟೊಂದು ಜನ ಇದಾರೆ ಅಂದ್ರೆ, ನಾನು ಎಲ್ಲಾ ಕಡೆ ಹುಡುಕಿದ್ನಲ್ಲ, ಆಸ್ಪತ್ರೇಲಿ, ಬಸ್ಸಲ್ಲಿ, ಸ್ಕೂಲಲ್ಲಿ, ನಂಗ್ಯಾಕೆ ಒಬ್ರೂ ಸಿಗಲಿಲ್ಲ? ಇವರೆಲ್ಲ ಎಲ್ಲಿದ್ರು?"